ಮೊದಲು ಚಾಕು, ಆಮೇಲೆ ಕಲ್ಲು: ಜಪಾನಿನ ನೈಸರ್ಗಿಕ ಸಾಣೆಕಲ್ಲು ಕೊಳ್ಳುವ ಮುನ್ನ

ಜಪಾನಿನ ನೈಸರ್ಗಿಕ ಸಾಣೆಕಲ್ಲಿನ ಮೇಲೆ ನಂಬರ್ ಇರುವುದಿಲ್ಲ. ಕಾರ್ಖಾನೆಯ ಕಲ್ಲಾದರೆ 1000, 3000, 8000 ಎಂದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು, ಇಷ್ಟು ಗೊತ್ತಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು. ಗಣಿಯಿಂದ ಬಂದ ಕಲ್ಲಿನ ಮೇಲೆ ಇರುವುದು ಯಾವುದೋ ಬೆಟ್ಟದ ಹೆಸರು, ಮಸಿಯ ಮುದ್ರೆ, ಬದಿಗೆ ಅಂಟಿಕೊಂಡ ಒರಟು ಸಿಪ್ಪೆ, ಜೊತೆಗೆ ಎದೆ ಝಲ್ಲೆನ್ನಿಸುವ ಬೆಲೆ. ಒಂದೇ ಗಣಿಯ, ಒಂದೇ ಪದರದ ಎರಡು ಕಲ್ಲು ಕೂಡ ಒಂದೇ ತೆರನಾಗಿ ಮಸೆಯುವುದಿಲ್ಲ. ಹೊಸಬರು ಎಡವುವುದು ಇಲ್ಲೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಹರಿತ ಒಂದೇ ಬೇಕಿದ್ದರೆ ಗಣಿಯ ಕಲ್ಲು ಬೇಡ. ಸಾವಿರ ನಂಬರಿನ ಕಾರ್ಖಾನೆ ಕಲ್ಲೊಂದು, ಅಲುಗಾಡದ ಮಣಿಕಟ್ಟು, ಇವೆರಡಿದ್ದರೆ ಚಾಕು ಕಾಗದವನ್ನು ಸದ್ದಿಲ್ಲದೆ ಸೀಳುತ್ತದೆ. ಗಣಿಯ ಕಲ್ಲಿಗೆ ಹಣ ಸುರಿಯುವುದು ಅದರಾಚೆಯ ಆಸೆಗಳಿಗೆ: ಅಲಗಿನ ಮೇಲೆ ಮಂಜು ಕವಿದಂಥ ಬಣ್ಣ, ನಯವಾದರೂ ಜಾರದೆ ಕಚ್ಚುವ ಬಾಯಿ, ಮಸೆಯುವಾಗ ಬೆರಳಿಗೆ ಸಿಗುವ ಮೆತ್ತನೆಯ ಹಿಡಿತ. ಈ ಆಸೆಗಳು ನಿಮ್ಮ ಕೈಲಿರುವ ಚಾಕುವಿನಲ್ಲಿ ಈಡೇರುತ್ತವೆಯೇ ಎಂದು ನೋಡಿಯೇ ಕಲ್ಲಿನ ಕಡೆ ತಿರುಗಬೇಕು.

ಚಾಕು ಯಾವುದು?

ಗಣಿಯ ಕಲ್ಲಿಗೆ ಹೇಳಿ ಮಾಡಿಸಿದ ಚಾಕು ಎಂದರೆ ಮೆದು ಕಬ್ಬಿಣಕ್ಕೆ ಗಟ್ಟಿ ಉಕ್ಕನ್ನು ಬೆಸೆದು ಮಾಡಿದ್ದು. ಜಪಾನಿನಲ್ಲಿ ಆ ಕಬ್ಬಿಣಕ್ಕೆ ಜಿಗಾನೆ ಎಂದೂ ಉಕ್ಕಿಗೆ ಹಗಾನೆ ಎಂದೂ ಹೆಸರು. ಮೀನು ತೆಳುವಾಗಿ ಸೀಳುವ ಯಾನಾಗಿಬಾ, ತರಕಾರಿಯ ಉಸುಬಾ, ಮೀನಿನ ಮೂಳೆಗೆ ದೆಬಾ, ಇವುಗಳಿಗೆ ಒಂದೇ ಬದಿಯಲ್ಲಿ ಇಳಿಜಾರು. ಅಗಲವಾದ ಆ ಇಳಿಜಾರಿನಲ್ಲಿ ಕಬ್ಬಿಣವೂ ಉಕ್ಕೂ ಅಕ್ಕಪಕ್ಕ ಕಾಣುತ್ತವೆ. ಒಳ್ಳೆಯ ನೈಸರ್ಗಿಕ ಕಲ್ಲಿನ ಮೇಲೆ ಹತ್ತು ನಿಮಿಷ ಆಡಿಸಿದರೆ ಕಬ್ಬಿಣ ಮಬ್ಬಾಗಿ, ಉಕ್ಕು ಹೊಳಪಾಗಿ, ನಡುವಿನ ಗೆರೆ ಎದ್ದು ಬರುತ್ತದೆ. ಇದಕ್ಕೆ ಕಸುಮಿ, ಅಂದರೆ ಮಂಜು, ಎಂದೇ ಹೆಸರು. ಬಹುಪಾಲು ಕಾರ್ಖಾನೆ ಕಲ್ಲುಗಳು ಕಬ್ಬಿಣ, ಉಕ್ಕು ಎರಡಕ್ಕೂ ಒಂದೇ ಥರ ಹೊಳಪು ಕೊಟ್ಟು ಆ ಗೆರೆಯನ್ನು ಮಸುಕಾಗಿಸುತ್ತವೆ. ತರಕಾರಿಯ ನಕಿರಿ, ಎಲ್ಲಕ್ಕೂ ಬಳಸುವ ಸಾಂತೊಕು ಮುಂತಾದ ಎರಡು ಬದಿಯ ಚಾಕುಗಳೂ ಇದೇ ರೀತಿ ಬೆಸೆದವಾಗಿದ್ದರೆ, ಇಳಿಜಾರು ಅಗಲವಿದ್ದಷ್ಟು ಮಟ್ಟಿಗೆ ಆಟ ಸಾಗುತ್ತದೆ.

ಉಕ್ಕಿನ ಹೆಸರು ಕೇಳಿಕೊಳ್ಳಿ. ಶಿರೊಗಾಮಿ ಅಂದರೆ ಬಿಳಿ ಕಾಗದ, ಆವೊಗಾಮಿ ಅಂದರೆ ನೀಲಿ ಕಾಗದ. ಉಕ್ಕಿನ ಪಟ್ಟಿಗಳಿಗೆ ಸುತ್ತುತ್ತಿದ್ದ ಕಾಗದದ ಬಣ್ಣವೇ ಹೆಸರಾಗಿ ನಿಂತಿದೆ. ಎರಡೂ ಶಿಮಾನೆ ಪ್ರಾಂತ್ಯದ ಯಾಸುಗಿಯಲ್ಲಿ ತಯಾರಾಗುತ್ತವೆ. ಬಹುಕಾಲ ಹಿಟಾಚಿ ಎಂದು ಕರೆಸಿಕೊಂಡ ಆ ಕಂಪನಿಗೆ 2023ರಿಂದ ಪ್ರೊಟೀರಿಯಲ್ ಎಂಬ ಹೆಸರು. ಬಿಳಿ ಕಾಗದ ನೈಸರ್ಗಿಕ ಕಲ್ಲಿಗೆ ಬೆಣ್ಣೆಯ ಹಾಗೆ ಒಗ್ಗುತ್ತದೆ. ಟಂಗ್‌ಸ್ಟನ್, ಕ್ರೋಮಿಯಂ ಸೇರಿಸಿದ ನೀಲಿ ಕಾಗದ ಸ್ವಲ್ಪ ಸತಾಯಿಸುತ್ತದೆ, ಆದರೂ ಮಣಿಯುತ್ತದೆ.

ತುಕ್ಕು ಹಿಡಿಯದ ವಿಜಿ-10ರಂಥ ಉಕ್ಕಿನಲ್ಲಿ ಕಥೆ ಬೇರೆ. ಹರಿತವೇನೋ ಆಗುತ್ತದೆ, ತಡವಾಗಿ. ಮಂಜು ಬಂದರೂ ಅಲ್ಲಲ್ಲಿ ಮಾತ್ರ. ಇನ್ನು ಎಸ್‌ಜಿ2, ಹ್ಯಾಪ್40ರಂಥ ಪೌಡರ್ ಉಕ್ಕುಗಳಿಗೆ, ಅಂದರೆ ಲೋಹದ ಪುಡಿಯಿಂದ ಮಾಡಿದವಕ್ಕೆ, ಗಣಿಯ ಕಲ್ಲು ಕೊಳ್ಳುವವರನ್ನು ನಾನು ಕೈಹಿಡಿದು ತಡೆಯುತ್ತೇನೆ. ಕಾರಣ ಸರಳ. ಈ ಕಲ್ಲಿನಲ್ಲಿ ಕೊರೆಯುವ ಕೆಲಸ ಮಾಡುವುದು ಸ್ಫಟಿಕಶಿಲೆಯ, ಅಂದರೆ ಕ್ವಾರ್ಟ್ಜ್‌ನ ಕಣ. ಹತ್ತರವರೆಗಿನ ಮೋಸ್ ಮಾಪನದಲ್ಲಿ ಅದರ ಗಡಸು 7. ಪೌಡರ್ ಉಕ್ಕಿನೊಳಗೆ ಹರಡಿಕೊಂಡಿರುವ ವೆನೇಡಿಯಂ ಕಾರ್ಬೈಡ್ ಎಂಬ ಕಣ ಅದಕ್ಕಿಂತ ಎಷ್ಟೋ ಗಡಸು. ಗಡಸಾದದ್ದನ್ನು ಮೆದುವಾದದ್ದು ಸವೆಸಲಾರದು. ಕಾರ್ಬೈಡಿನ ಸುತ್ತಲಿನ ಉಕ್ಕು ಮಾತ್ರ ಸವೆದು, ಕಲ್ಲಿನ ಮೇಲೆ ಚಾಕು ಸುಮ್ಮನೆ ಜಾರುತ್ತದೆ. ಇಂಥ ಉಕ್ಕಿಗೆ ಅಲ್ಯುಮಿನಿಯಂ ಆಕ್ಸೈಡಿನ ಒಳ್ಳೆಯ ಕಾರ್ಖಾನೆ ಕಲ್ಲು, ಇಲ್ಲವೇ ವಜ್ರದ ಕಣದ ಕಲ್ಲೇ ಸರಿ.

ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಸಿಗುವ ಇನ್ನೂರು ಮುನ್ನೂರು ರೂಪಾಯಿಯ ಚಾಕು ನಿಮ್ಮದಾಗಿದ್ದರೆ ಈ ಲೇಖನದ ಮುಂದಿನ ಪ್ಯಾರಾ ಓದಿ ನಿಲ್ಲಿಸಬಹುದು. ಆ ಮೆದು ಉಕ್ಕಿನ ಬಾಯಿ ನುಣುಪಾದಷ್ಟೂ ಬೇಗ ಮಡಚಿಕೊಳ್ಳುತ್ತದೆ. ಸಾವಿರ ನಂಬರಿಗೆ ಮಸೆದು ಬಿಟ್ಟರೆ ಟೊಮೆಟೊ ಸಿಪ್ಪೆಗೆ ಅದೇ ಚೆನ್ನ.

ಕಾರ್ಖಾನೆ ಕಲ್ಲು: ಇದನ್ನು ದಾಟಿ ಹೋಗುವಂತಿಲ್ಲ

ನೈಸರ್ಗಿಕ ಕಲ್ಲು ಎಷ್ಟೇ ಒಳ್ಳೆಯದಿರಲಿ, ಮೊಂಡು ಬಿದ್ದ ಚಾಕುವನ್ನು ಅದರ ಮೇಲೆ ಎತ್ತುವುದು ಸಂಜೆಯಿಡೀ ಹಿಡಿಯುವ ಕೆಲಸ. ಆದ್ದರಿಂದ ಸಾವಿರ ನಂಬರಿನ ಕಾರ್ಖಾನೆ ಕಲ್ಲು ಎಲ್ಲರಿಗೂ ಬೇಕು. ಇಲ್ಲಿ ಆರಿಸಬೇಕಾದದ್ದು ಎರಡು ಸ್ವಭಾವಗಳ ನಡುವೆ. ಕಿಂಗ್ 1000ದಂಥದ್ದು ನೀರು ಕುಡಿಯುವ ಕಲ್ಲು. ಹತ್ತು ಹದಿನೈದು ನಿಮಿಷ ನೆನೆಹಾಕಬೇಕು. ಮೆತ್ತಗಿದೆ, ಮಸೆಯುವಾಗ ಸವೆದ ಕಲ್ಲು ನೀರಿಗೆ ಬೆರೆತು ಏಳುವ ಕೆಸರನ್ನು ಚೆನ್ನಾಗಿ ಬಿಡುತ್ತದೆ, ಅಗ್ಗ. ಆದರೆ ನಡು ಬೇಗ ತಗ್ಗಾಗುತ್ತದೆ. ಶಾಪ್ಟನ್ ಕುರೊಮಾಕು 1000, ಆ ಕಿತ್ತಳೆ ಬಣ್ಣದ್ದು, ನೀರು ಚಿಮುಕಿಸಿದರೆ ಸಾಕು. ಬೇಗ ಕೊರೆಯುತ್ತದೆ, ಸವೆಯುವುದು ನಿಧಾನ, ಆದರೆ ಕೈಗೆ ಗಾಜಿನ ಮೇಲೆ ಉಜ್ಜಿದ ಹಾಗೆ ಬಿರುಸು. ಬಾಡಿಗೆ ಮನೆಯ ಇಕ್ಕಟ್ಟಾದ ಅಡುಗೆಮನೆಯಲ್ಲಿ ಕಲ್ಲು ನೆನೆಹಾಕಲು ಬಕೆಟ್ ಹುಡುಕುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಆಮೇಲೆ ಕಸುಮಿಗೆ ಹೋಗುವ ಯೋಚನೆ ಇದ್ದವರಿಗೆ ಮಾತ್ರ ಮೆತ್ತನೆಯ ಕಿಂಗ್ ವಾಸಿ, ಏಕೆಂದರೆ ಅದು ಬಿಡುವ ಗೀರುಗಳು ಅಷ್ಟು ಆಳವಿರುವುದಿಲ್ಲ. ಮುಂದಿನ ಕಲ್ಲಿಗೆ ಅವನ್ನು ಅಳಿಸುವುದು ಸುಲಭ.

ನಂಬರಿನ ಬಗ್ಗೆ ಒಂದು ಮಾತು. ಜಪಾನಿನ ಜಿಸ್ ಮಾನಕದ ಪ್ರಕಾರ 1000 ನಂಬರಿನ ಕಣದ ಸರಾಸರಿ ಗಾತ್ರ ಸುಮಾರು 11.5 ಮೈಕ್ರಾನ್, 3000ಕ್ಕೆ 4, 8000ಕ್ಕೆ 1.2. ಗಣಿಯ ಕಲ್ಲನ್ನು ಮಾರುವವರು ‘ಇದು 8000ಕ್ಕೆ ಸಮ’ ಎಂದರೆ ಅದು ಅವರ ಕಣ್ಣಳತೆ, ಅಳತೆಪಟ್ಟಿಯಿಂದ ಬಂದದ್ದಲ್ಲ. ಹೋಲಿಕೆಗೆ ಒಂದು ದಾರಿ ಸಿಕ್ಕಿತೆಂದು ತೆಗೆದುಕೊಳ್ಳಿ, ಅದರಾಚೆ ನಂಬಬೇಡಿ.

ಕ್ಯೋತೋದ ಬೆಟ್ಟ ಏಕೆ?

ಮಸೆಯುವುದಕ್ಕೆ ಆಗುವ ಕಲ್ಲು ಲೋಕದಲ್ಲಿ ಎಷ್ಟೋ ಕಡೆ ಇದೆ. ಬೆಲ್ಜಿಯಂನ ಆರ್ಡೆನ್ಸ್‌ನಲ್ಲಿ ಗಾರ್ನೆಟ್ ಹರಳು ತುಂಬಿದ ಹಳದಿ ಕೊಟಿಕ್ಯೂಲ್, ಅಮೆರಿಕದಲ್ಲಿ ಎಣ್ಣೆ ಹಾಕಿ ಮಸೆಯುವ ಅರ್ಕಾನ್ಸಾ ಕಲ್ಲು. ಜಪಾನಿನೊಳಗೂ ನಾಗಾಸಾಕಿ, ಕುಮಾಮೊತೊ, ಎಹಿಮೆ, ಗುನ್ಮಾ, ನಿಇಗಾತಾ, ಹೀಗೆ ಊರೂರಿಗೆ ಒಂದು ಕಲ್ಲು. ಆದರೆ ಕೊನೆಯ ಹೊಳಪಿನ ಕಲ್ಲು ಎಂದರೆ ಕ್ಯೋತೋ ನಗರದ ವಾಯವ್ಯ, ಪಶ್ಚಿಮದ ಬೆಟ್ಟಗಳದ್ದೇ.

ಇದಕ್ಕೆ ಕಾರಣ ಭೂಮಿಯ ಚರಿತ್ರೆಯ ಒಂದು ದುರಂತ. ಸುಮಾರು 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗ ಮುಗಿದು ಟ್ರಯಾಸಿಕ್ ಶುರುವಾಗುವ ಹೊತ್ತಿಗೆ, ಕಡಲ ಜೀವಿಗಳಲ್ಲಿ ಬಹುಪಾಲು ಅಳಿದುಹೋದವು. ಅದಕ್ಕೆ ಮುಂಚೆ ಆಳ ಸಮುದ್ರದ ತಳದಲ್ಲಿ ರೇಡಿಯೊಲೇರಿಯಾ ಎಂಬ ಸೂಕ್ಷ್ಮಜೀವಿಗಳ ಗಾಜಿನಂಥ ಚಿಪ್ಪು ರಾಶಿಬಿದ್ದು ಚರ್ಟ್ ಎಂಬ ಗಡುಸು ಕಲ್ಲಾಗುತ್ತಿತ್ತು. ಜೀವಿಗಳೇ ಇಲ್ಲವಾದಾಗ ಚಿಪ್ಪಿನ ಮಳೆ ನಿಂತಿತು. ಲಕ್ಷಾಂತರ ವರ್ಷ ನುಣ್ಣನೆಯ ಜೇಡಿ ಮತ್ತು ಸಿಲಿಕಾ ಮಾತ್ರ ಪದರ ಪದರವಾಗಿ ಇಳಿಯಿತು. ಆಮೇಲೆ ಆ ಕಡಲ ತಳ ಸರಿಯುತ್ತಾ ಬಂದು ಜಪಾನಿನ ನೆಲಕ್ಕೆ ಅಂಟಿಕೊಂಡಿತು. ಆ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ‘ತೊಯಿಶಿ ಮಾದರಿಯ ಜೇಡಿಶಿಲೆ’ ಎನ್ನುತ್ತಾರೆ. ತೊಯಿಶಿ ಅಂದರೆ ಸಾಣೆಕಲ್ಲು ಎಂದೇ ಅರ್ಥ. ಮೆದು ಜೇಡಿಯ ನಡುವೆ ಗಡಸಾದ ನುಣ್ಣನೆಯ ಕಣ, ಅದೂ ಒಂದೇ ಸಮನಾಗಿ ಹರಡಿದ್ದು: ಕಾರ್ಖಾನೆಯವರು ಅಂಟು ಹಾಕಿ, ಸುಟ್ಟು ಮಾಡುವುದನ್ನು ಕಡಲು ಮಾಡಿಟ್ಟಿದೆ. ನನಗೆ ಬೆಲೆಗಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಇದು.

ಅಗೆಯುವ ಗಣಿಗಳು ಮಾತ್ರ ಈಗ ಬೆರಳೆಣಿಕೆಯಷ್ಟು. ಕಾರ್ಖಾನೆ ಕಲ್ಲು ಅಗ್ಗವಾಯಿತು, ಬಡಗಿಗಳ ಕೈಗೆ ಕರೆಂಟಿನ ಯಂತ್ರ ಬಂತು, ಕ್ಷೌರದ ಕತ್ತಿಯ ಜಾಗಕ್ಕೆ ಬ್ಲೇಡು ಬಂತು. ಇಂದು ಮಾರಾಟಕ್ಕೆ ಬರುವ ಎಷ್ಟೋ ಕಲ್ಲು ಹಳೆಯ ದಾಸ್ತಾನಿನದ್ದು, ಇಲ್ಲವೇ ಮುಚ್ಚಿದ ಅಂಗಡಿಗಳ, ತೀರಿಹೋದ ಬಡಗಿಗಳ ಮನೆಯಿಂದ ಬಂದದ್ದು.

ನಡುಮಟ್ಟದ ಕಲ್ಲು: ಕೊಳ್ಳಲೇಬೇಕೆ?

ಜಪಾನಿನವರು ಸಾಣೆಕಲ್ಲನ್ನು ಮೂರು ಮಟ್ಟದಲ್ಲಿ ಎಣಿಸುತ್ತಾರೆ: ಒರಟಿಗೆ ಅರಾತೊ, ನಡುವಿಗೆ ನಾಕಾತೊ, ಕೊನೆಗೆ ಅವಾಸೆದೊ. ಒರಟಿನ ಮಟ್ಟದಲ್ಲಿ ಮರಳುಗಲ್ಲಾದ ಓಮುರಾ ಸಿಗುತ್ತದೆ. ಬೇಡ. ಆ ಕೆಲಸಕ್ಕೆ ಕಾರ್ಖಾನೆ ಕಲ್ಲಿನ ಮುಂದೆ ಅದು ನಿಲ್ಲುವುದಿಲ್ಲ.

ನಡುಮಟ್ಟದಲ್ಲಿ ಎರಡು ಹೆಸರು ಕಿವಿಗೆ ಬೀಳುತ್ತವೆ. ಕುಮಾಮೊತೊದ ಅಮಾಕುಸಾ ಕಲ್ಲಿಗೆ ಕಂದು ಬಣ್ಣದ ಅಂದವಾದ ಗೆರೆಗಳು. ಅರಿತಾದ ಹೆಸರಾಂತ ಪಿಂಗಾಣಿಗೆ ಪುಡಿಮಾಡಿ ಬಳಸುವುದೂ ಅಮಾಕುಸಾ ದ್ವೀಪದ ಇಂಥದೇ ಕಲ್ಲನ್ನು. ಕೊಡುವ ಕೆಲಸ ಸಾವಿರ ನಂಬರಿನ ಆಸುಪಾಸಿನದ್ದು, ಬೆಲೆಯೂ ಕಡಿಮೆ. ಆದರೆ ಆ ಕೆಲಸಕ್ಕೆ ಕಾರ್ಖಾನೆ ಕಲ್ಲು ಆಗಲೇ ನಿಮ್ಮಲ್ಲಿದೆ. ಇನ್ನೊಂದು ಕ್ಯೋತೋ ಪಕ್ಕದ ಕಾಮೆಒಕಾದ ತಾಂಬಾ ಆವೊತೊ, ನೀಲಿ ಛಾಯೆಯ ಬೂದುಗಲ್ಲು. ಇದರ ಬಗ್ಗೆ ನನ್ನದು ಮೃದು ಮನಸ್ಸು. ಒಂದು ಸಾವಿರದಿಂದ ಮೂರು ಸಾವಿರದವರೆಗೆ ಹರಡಿಕೊಳ್ಳುವ ಕೆಲಸ. ದಪ್ಪ ಕೆಸರು ಬಿಡುತ್ತದೆ. ಮೊದಲು ಒತ್ತಿ ಮಸೆದು ಆಮೇಲೆ ಕೈ ಹಗುರ ಮಾಡಿದರೆ ಒಂದೇ ಕಲ್ಲಿನಲ್ಲಿ ಎರಡು ಹಂತ ಮುಗಿಯುತ್ತದೆ. ಇದರಿಂದ ಇಳಿದ ನಕಿರಿಯ ಬಾಯಿ ಸೌತೆಕಾಯಿ, ಟೊಮೆಟೊ, ಈರುಳ್ಳಿ ಯಾವುದರ ಸಿಪ್ಪೆಯ ಮೇಲೂ ಜಾರುವುದಿಲ್ಲ. ದಿನದ ಅಡುಗೆಗೆ ಒಂದೇ ಒಂದು ನೈಸರ್ಗಿಕ ಕಲ್ಲು ಸಾಕೆನ್ನುವವರು, ಹೊಳಪಿನ ಹಂಗಿಲ್ಲದವರು, ಇದನ್ನು ಕೊಂಡು ಸುಮ್ಮನಾಗಬಹುದು. ಒಂದೇ ತೊಡಕು: ಕೆಲವು ಆವೊತೊದೊಳಗೆ ಗಟ್ಟಿ ಗೆರೆ ಇದ್ದು ಅಲಗನ್ನು ಗೀರುತ್ತದೆ. ಉಗುರಿನ ತುದಿಯನ್ನು ಕಲ್ಲಿನ ಮೇಲೆ ಎಳೆದು ನೋಡಿ. ಎಡವುವ ಕಡೆ ಚಾಕುವೂ ಎಡವುತ್ತದೆ.

ಕೊನೆಯ ಹೊಳಪಿನ ಕಲ್ಲು

ಹಣ ಹರಿಯುವುದೂ ಹಾಳಾಗುವುದೂ ಇಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮೊದಲು ಗಡಸಿನ ಮಾತು. ನನ್ನ ಮೊದಲ ಗಣಿಯ ಕಲ್ಲು ಅಸಾಗಿ ಎಂಬ ತಿಳಿನೀಲಿ ಬಣ್ಣದ್ದು, ಕಲ್ಲೆಂದರೆ ಕಲ್ಲು, ಉಗುರಿನಿಂದ ತಟ್ಟಿದರೆ ಟಣ್ ಎನ್ನುತ್ತಿತ್ತು. ಮಾರಿದವರು ಎಲ್ಲ ಚಾಕುವಿಗೂ ಆಗುತ್ತದೆ ಎಂದಿದ್ದರು. ನನ್ನ ಯಾನಾಗಿಬಾದ ಇಳಿಜಾರು ಕಣ್ಣಿಗೆ ನೇರವಾಗಿದ್ದರೂ ನಿಜವಾಗಿ ಸಣ್ಣ ಉಬ್ಬುತಗ್ಗಿನದ್ದು. ಗಡುಸು ಕಲ್ಲು ಉಬ್ಬನ್ನು ಮಾತ್ರ ಮುಟ್ಟಿ, ತಗ್ಗನ್ನು ಹಾಗೇ ಬಿಟ್ಟು, ಅಲಗಿನ ತುಂಬ ತೇಪೆ ಹಾಕಿದ ಹಾಗೆ ಮಾಡಿಟ್ಟಿತು. ಮೇಲೆ ಹೊಳೆಯುವ ಗೀರು ಬೇರೆ. ತಪ್ಪು ಕಲ್ಲಿನದ್ದಲ್ಲ. ಆ ಗಡಸು ಕ್ಷೌರದ ಕತ್ತಿಗೆ, ಬಡಗಿಯ ಉಜ್ಜುಗೊರಡಿನ ಅಲಗಿಗೆ ಬೇಕಾದದ್ದು. ಆ ಅಲಗುಗಳ ಸಾಣೆಯ ಮೈ ಚಿಕ್ಕದು, ಚಪ್ಪಟೆ. ಅಡುಗೆಮನೆಯ ಚಾಕುವಿಗೆ ಮೆದುವಿನಿಂದ ಮಧ್ಯಮ ಗಡಸಿನ ಕಲ್ಲು ಬೇಕು. ಅದು ಬಿಡುವ ಕೆಸರೇ ತಗ್ಗಿನೊಳಗೆ ಇಳಿದು ಮಂಜು ಹಾಯಿಸುತ್ತದೆ. ಜಪಾನಿನ ಎಷ್ಟೋ ಮಾರಾಟಗಾರರು ಗಡಸಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 2, 3ರ ಸುತ್ತ ಹುಡುಕಿ. ಅಂಕ ಕೊಡದವರನ್ನು ಕೇಳಿ. ಕೇಳಿದರೂ ಹೇಳದವರಿಂದ ಕೊಳ್ಳಬೇಡಿ.

ಊರಿನ ಲೆಕ್ಕದಲ್ಲೂ ಒಂದು ದಾರಿ ಇದೆ. ಕ್ಯೋತೋದ ಕಲ್ಲನ್ನು ಪೂರ್ವದ್ದು, ಪಶ್ಚಿಮದ್ದು ಎಂದು ಬೇರೆ ಮಾಡುವ ರೂಢಿಯುಂಟು. ನಾಕಾಯಾಮಾ, ಓಝುಕು, ಶೋಬುದಾನಿ, ನಾರುತಾಕಿ ಪೂರ್ವದ ಗಣಿಗಳು. ಸಾಮಾನ್ಯವಾಗಿ ಗಡಸು, ಹೆಸರೂ ದೊಡ್ಡದು, ಬೆಲೆಯೂ ದೊಡ್ಡದು. ಓಹಿರಾ, ಶಿಂದೆನ್ ಮುಂತಾದವು ಪಶ್ಚಿಮದವು; ಸಾಮಾನ್ಯವಾಗಿ ಮೆತ್ತಗೆ. ಅಂದರೆ ಅಡುಗೆಯ ಚಾಕುವಿಗೆ ಒಪ್ಪುವ ಕಲ್ಲು ಕಡಿಮೆ ಹೆಸರಿನ ಕಡೆಯಲ್ಲೇ ಹೆಚ್ಚು ಸಿಗುತ್ತದೆ. ಕೊಳ್ಳುವವರ ಪರವಾಗಿ ಅಪರೂಪಕ್ಕೆ ನಡೆದ ಸಂಗತಿ ಇದು.

ಆಮೇಲೆ ಪದರ. ಒಂದೇ ಗಣಿಯಲ್ಲಿ ಮೇಲಿನಿಂದ ಕೆಳಕ್ಕೆ ಪದರಗಳಿಗೆ ಬೇರೆ ಬೇರೆ ಹೆಸರು: ಸೂರಿನ ಹತ್ತಿರದ್ದು ತೆಂಜೊ ಸುಯಿತಾ, ಎಂಟು ಹಾಳೆಯ ಹಚಿಮಾಯಿ, ಸಾವಿರ ಹಾಳೆಯ ಸೆನ್‌ಮಾಯಿ, ಹೀಗೆ. ಕೊಳ್ಳುವವರಿಗೆ ಮುಖ್ಯವಾದವು ತೊಮಾಯೆ ಮತ್ತು ಸುಯಿತಾ. ತೊಮಾಯೆ ಒತ್ತಾದ, ಒಂದೇ ಸಮನಾದ ಕಲ್ಲು. ಮಾರಾಟಕ್ಕೆ ಹೆಚ್ಚಾಗಿ ಸಿಗುವುದೂ ಇದೇ. ಸುಯಿತಾದೊಳಗೆ ಸು ಎಂಬ ಸೂಜಿಮೊನೆಯಷ್ಟು ಸಣ್ಣ ತೂತುಗಳಿರುತ್ತವೆ. ಕೊರೆಯುವುದು ಜೋರು, ಕೆಸರು ಬೇಗ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವನಾಗಿ ಹೇಳುವುದಾದರೆ, ಬಾಯಿಗೆ ಹರಿತ ಕೊಡುವ ಕೆಲಸಕ್ಕೆ ಸುಯಿತಾ ವೇಗದಲ್ಲಿ ಮುಂದು. ಮಂಜಿನ ಸಮತೆಗೆ ತೊಮಾಯೆ ಮುಂದು. ಸುಯಿತಾದ ತೂತಿನ ಅಂಚು ಒಮ್ಮೊಮ್ಮೆ ಮೆದು ಕಬ್ಬಿಣದ ಮೇಲೆ ಸಣ್ಣ ಗೀರು ಎಳೆಯುತ್ತದೆ. ಬೆಲೆಯಲ್ಲಿ ಸುಯಿತಾ ಮೇಲೆ. ಮೊದಲ ಕಲ್ಲಾಗಿ ನಾನು ಪಶ್ಚಿಮದ ಮೆತ್ತನೆಯ ತೊಮಾಯೆಯನ್ನೇ ಹೇಳುವುದು. ಅಪರೂಪಕ್ಕೆ ಓಹಿರಾದ ಸುಯಿತಾ ಕೈಗೆಟುಕುವ ಬೆಲೆಗೆ ಬಂದರೆ ಆ ಮಾತು ಮರೆತುಬಿಡಿ.

ಬಣ್ಣ, ಚಿತ್ತಾರಗಳಿಗೆ ಮರುಳಾಗಬೇಡಿ ಎನ್ನುವುದು ಸುಲಭ, ನಾನೇ ಎಷ್ಟೋ ಸಲ ಆಗಿದ್ದೇನೆ. ಹಳದಿ ಹಲಗೆ ಎಂಬರ್ಥದ ಕೀಇತಾ, ಮರಸೇಬಿನ (ಪಿಯರ್) ಸಿಪ್ಪೆಯಂತೆ ಚುಕ್ಕೆಚುಕ್ಕೆಯ ನಾಶಿಜಿ, ಕಾಗೆಯ ಬಣ್ಣದ ಮಚ್ಚೆಯ ಕರಾಸು, ತಾವರೆ ಎಂಬರ್ಥದ ರೆಂಗೆ. ಇವುಗಳಲ್ಲಿ ಸುಯಿತಾದ ಮೇಲಿನ ರೆಂಗೆಯನ್ನು ಚೆನ್ನಾಗಿ ಕೊರೆಯುವ ಕಲ್ಲಿನ ಗುರುತೆಂದು ಬಲ್ಲವರು ಎಣಿಸುವುದುಂಟು. ಉಳಿದ ಚಿತ್ತಾರಕ್ಕೆ ಕೊಡುವ ಹಣ ಬಹುಮಟ್ಟಿಗೆ ಕಣ್ಣಿಗೇ ಹೊರತು ಅಲಗಿಗಲ್ಲ.

ಉಚಿಗುಮೊರಿಯ ಹೆಸರನ್ನು ಹೇಳದೆ ಬಿಟ್ಟರೆ ಯಾರಾದರೂ ನೆನಪಿಸುತ್ತಾರೆ. ಸಮುರಾಯಿ ಖಡ್ಗಗಳಿಗೆ ಹೊಳಪು ಕೊಡುವವರು ಬಳಸುವ ಮೆತ್ತನೆಯ ಕಲ್ಲದು. ಉಕ್ಕಿನ ಮೇಲಿನ ಹಮೊನ್ ಎಂಬ ಅಲೆಗೆರೆಯನ್ನು ಎಬ್ಬಿಸುವುದು ಅದರ ಕೆಲಸ. ಇಡೀ ಚಾಕುವನ್ನು ಒಂದೇ ಉಕ್ಕಿನಿಂದ ಮಾಡಿ, ಮಣ್ಣು ಬಳಿದು ಹದ ಹಾಕಿದ ಹೊನ್‌ಯಾಕಿ ನಿಮ್ಮಲ್ಲಿದ್ದರೆ ಮಾತ್ರ ಇದರ ದೊಡ್ಡ ಕಲ್ಲಿನ ಯೋಚನೆ ಮಾಡಿ. ಹರಿತಕ್ಕೆ ಇದು ತೀರಾ ನಿಧಾನ. ಬದಲಿಗೆ ಇದರ ಬೆರಳುಗಲ್ಲು ಸಿಗುತ್ತದೆ. ಎಲೆಯಷ್ಟು ತೆಳ್ಳಗೆ ತೇಯ್ದು, ಹಿಂದೆ ಜಪಾನಿ ಕಾಗದ ಅಂಟಿಸಿದ ಚೂರು. ಹೆಬ್ಬೆರಳ ಕೆಳಗಿಟ್ಟು ಅಲಗಿನ ಮೇಲೆ ಆಡಿಸಿದರೆ ಕಲ್ಲು ತಲುಪದ ತಗ್ಗಿಗೂ ಮಂಜು ಹರಿಯುತ್ತದೆ. ನಾನು ಯಾನಾಗಿಬಾದ ತೇಪೆಯನ್ನು ಕೊನೆಗೆ ಮುಚ್ಚಿದ್ದು ಹೀಗೆ. ಅಂದದ ಆಸೆ ಇದ್ದು ಜೇಬು ಚಿಕ್ಕದಿರುವವರಿಗೆ ಕಾರ್ಖಾನೆ ಕಲ್ಲು, ಬೆರಳುಗಲ್ಲು ಇವೆರಡರ ಜೋಡಿಯೇ ಅತಿ ಅಗ್ಗದ ದಾರಿ.

ಇಟ್ಟಿಗೆಯೋ, ಚೂರೋ?

ಕಾರ್ಖಾನೆ ಕಲ್ಲಿನ ಹಾಗೆ ಉದ್ದ 20 ಸೆಂಟಿಮೀಟರ್, ಅಗಲ 7 ಸೆಂಟಿಮೀಟರಿನ ಆಸುಪಾಸಿನ, ಮೂಲೆ ಮುರಿಯದ, ಗೆರೆ ಇಲ್ಲದ ನೈಸರ್ಗಿಕ ಕಲ್ಲು ಎಂದರೆ ಹತ್ತಾರು ಸಾವಿರ ಯೆನ್. ಹೆಸರಿದ್ದರೆ ಲಕ್ಷ ದಾಟುತ್ತದೆ. ಅದೇ ಗಣಿಯ, ಅದೇ ಪದರದ, ಆಕಾರ ಕೆಟ್ಟ ಚೂರಿಗೆ ಕೊಪ್ಪಾ ಎನ್ನುತ್ತಾರೆ, ಕೆಲವೇ ಸಾವಿರ ಯೆನ್‌ಗೆ ಬರುತ್ತದೆ. ಮಸೆಯುವ ಗುಣದಲ್ಲಿ ಕೊರತೆಯಿಲ್ಲ. ಒಂದು ಮೂಲೆ ಇಲ್ಲ, ಒಂದು ಬದಿ ಓರೆ, ಅಷ್ಟೆ. ಅಂಗೈ ಉದ್ದದ ಕೊಪ್ಪಾ ಮೇಲೆ ಸಾಂತೊಕು, ನಕಿರಿ ಆರಾಮಾಗಿ ಮಸೆಯಬಹುದು. 27 ಸೆಂಟಿಮೀಟರ್ ಯಾನಾಗಿಬಾಕ್ಕೆ ಮಾತ್ರ ಉದ್ದ ಕಲ್ಲಿನ ಹಿತವೇ ಬೇರೆ.

ಕೊಪ್ಪಾದಲ್ಲಿ ಇನ್ನೊಂದು ಅನುಕೂಲವಿದೆ, ಜಪಾನಿನವರಿಗೆ ಹೊಳೆದಿರಲಾರದು. ನಮ್ಮ ಈಳಿಗೆಮಣೆಯ ಅಲಗು ಬಾಗಿದೆ, ಮಣೆಗೆ ಕೂತಿದೆ. ಅದನ್ನು ಚಪ್ಪಟೆ ಕಲ್ಲಿನ ಮೇಲೆ ತಂದಿಡಲಾಗದು. ಚೂರುಗಲ್ಲನ್ನು ಕೈಯಲ್ಲಿ ಹಿಡಿದು ಕುಡುಗೋಲು ಮಸೆದ ಹಾಗೆ ಅಲಗಿನ ಬಾಗು ಹಿಡಿದು ಹೋದರೆ ಆಯಿತು. ಬೆರಳು ಬಾಯಿಯ ಹಿಂದೆ ಇರಲಿ, ಎದುರಿಗೆ ಬೇಡ.

ಮುದ್ರೆಯ ವಿಷಯಕ್ಕೆ ಬರೋಣ. ‘ಶೊಹೊನ್‌ಯಾಮಾ’ ಎಂದರೆ ಅಸಲಿ ಮೂಲಬೆಟ್ಟದ್ದು ಎಂಬರ್ಥ. ಇಂಥ ಮುದ್ರೆಗಳು ಒಂದು ಕಾಲಕ್ಕೆ ಏನಾದರೂ ಹೇಳುತ್ತಿದ್ದವು. ಈಗ ಮಸಿ, ಅಚ್ಚು ಇದ್ದವರೆಲ್ಲ ಒತ್ತಬಹುದು. ನಾಕಾಯಾಮಾ ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಮುಚ್ಚಿಹೋದ ಆ ಗಣಿಯಿಂದ ಬಂದಿರಲು ಸಾಧ್ಯವಿಲ್ಲ. ಕಲ್ಲಿನ ಮೇಲ್ಮೈ ಒದ್ದೆ ಮಾಡಿ ತೆಗೆದ ಚಿತ್ರ, ಎರಡೂ ಬದಿಯ ಚಿತ್ರ, ಗಡಸಿನ ಅಂಕ, ಅದೇ ಕಲ್ಲಿನ ಮೇಲೆ ಮಸೆದ ಚಾಕುವಿನ ಚಿತ್ರ, ಇವನ್ನು ಕೊಡುವ ಮಾರಾಟಗಾರರಿಗೆ ಮುದ್ರೆ ಇಲ್ಲದಿದ್ದರೂ ಹಣ ಕೊಡಬಹುದು.

ಕಲ್ಲಿನ ಜೊತೆಗೆ ಬೇಕಾದದ್ದು

ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯ್ದವರಿಗೆ ನಗುರಾ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಹನಿ ನೀರು ಹಾಕಿ, ಸಣ್ಣ ಕಲ್ಲಿನಿಂದ ದೊಡ್ಡ ಕಲ್ಲನ್ನು ತೇಯುವುದು. ಏಳುವ ಕೆಸರಿಗೆ ತೊಗಿಜಿರು ಎನ್ನುತ್ತಾರೆ; ಜಿರು ಎಂದರೆ ಸಾರು. ಈ ಸಾರು ಕಪ್ಪಾಗಿ ದಪ್ಪವಾಗುತ್ತಾ ಹೋದಂತೆ ಕೊರೆತ ಮೆತ್ತಗಾಗುವುದು ಕೈಗೇ ತಿಳಿಯುತ್ತದೆ. ಅದನ್ನು ತೊಳೆದು ಚೆಲ್ಲುವುದು ಹೊಸಬರ ಚಾಳಿ. ಬಿಡಿ, ಕೆಲಸ ಮಾಡುವುದು ಅದೇ.

ನಗುರಾ ಮೂರು ಬಗೆಯಲ್ಲಿ ದೊರೆಯುತ್ತದೆ. ಅದೇ ಜಾತಿಯ ಕಲ್ಲಿನ ಚೂರಾದರೆ ತೊಮೊನಗುರಾ. ಕಲ್ಲಿಗಿಂತ ಸ್ವಲ್ಪ ಮೆದುವಾದದ್ದು ಇರಲಿ, ಇಲ್ಲದಿದ್ದರೆ ಒರಟು ಕಣ ಉದುರಿ ಗೀರು ಬೀಳುತ್ತದೆ. ಐಚಿ ಪ್ರಾಂತ್ಯದ ಮಿಕಾವಾ ಬಿಳಿ ನಗುರಾ ಕ್ಷೌರದ ಕತ್ತಿಯವರ ಮೆಚ್ಚಿನದು; ಅಡುಗೆಮನೆಗೆ ಅತಿಯಾಯಿತು. ಮೂರನೆಯದು ಅಟೊಮಾದಂಥ ವಜ್ರದ ಹಲಗೆ. ನನ್ನ ಓಟು ಇದಕ್ಕೆ, ಏಕೆಂದರೆ 400ರ ಹಲಗೆಯೊಂದೇ ಕಾರ್ಖಾನೆ ಕಲ್ಲಿನ ತಗ್ಗನ್ನೂ ನೆಟ್ಟಗೆ ಮಾಡುತ್ತದೆ, ಗಣಿಯ ಕಲ್ಲಿನಿಂದ ಸಾರನ್ನೂ ಎಬ್ಬಿಸುತ್ತದೆ. ಅದಕ್ಕೂ ಹಣವಿಲ್ಲದಿದ್ದರೆ ದಪ್ಪ ಗಾಜಿನ ಮೇಲೆ ಪೇಂಟ್ ಅಂಗಡಿಯ ವಾಟರ್ ಪೇಪರ್ ಅಂಟಿಸಿ ಕಲ್ಲು ಉಜ್ಜಿ. ಬಡವರ ವಜ್ರ.

ಗಣಿಯ ಕಲ್ಲನ್ನು ಕಿಂಗ್ 1000ದ ಹಾಗೆ ಬಕೆಟ್ಟಿಗೆ ಹಾಕಿ ಮರೆಯಬೇಡಿ. ಪದರದ ಕಲ್ಲು; ನೀರು ಸಂದಿಗೆ ಇಳಿದರೆ ಹಪ್ಪಳದಂತೆ ಬಿಚ್ಚಿಕೊಳ್ಳುತ್ತದೆ. ಬಂದ ದಿನವೇ ನಾಲ್ಕೂ ಬದಿಗೆ, ತಳಕ್ಕೆ ಅರಗು ಬಳಿಯಿರಿ. ಜಪಾನಿನಲ್ಲಿ ಉರುಶಿ ಬಳಿಯುತ್ತಾರೆ, ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೋಟ್ ಹಾಕಿದರೂ ನಡೆಯುತ್ತದೆ. ಮಸೆದ ಮೇಲೆ ಒರೆಸಿ ನೆರಳಲ್ಲಿ ಆರಿಸಿ, ಬಿಸಿಲಿಗೆ ಬೇಡ. ಚಳಿ ದೇಶಗಳಲ್ಲಿರುವವರು ಗ್ಯಾರೇಜಿನಲ್ಲಿ ಇಡಬೇಡಿ, ಒಳಗಿನ ನೀರು ಹೆಪ್ಪುಗಟ್ಟಿದರೆ ಕಲ್ಲು ಎರಡಾಗುತ್ತದೆ.

ಯಾರಿಗೆ ಯಾವುದು

ಬಿಳಿ ಅಥವಾ ನೀಲಿ ಕಾಗದದ ನಕಿರಿ ಒಂದಿದ್ದು, ದಿನಾ ಹೆಚ್ಚುವುದಕ್ಕೇ ಬಳಸುವವರು ಸಾವಿರದ ಕಾರ್ಖಾನೆ ಕಲ್ಲು, ಅದರ ಮೇಲೆ ಒಂದು ಆವೊತೊ ಇಟ್ಟುಕೊಳ್ಳಿ. ಒಂದೇ ಬದಿಯ ಚಾಕು ಇದ್ದು ಮಂಜಿಗೆ ಮನಸೋತವರಿಗೆ ಸಾವಿರದ ಕಲ್ಲು, ನಡುವೆ ಮೂರು ಸಾವಿರದ್ದೊಂದು, ಕೊನೆಗೆ ಪಶ್ಚಿಮದ ಮೆತ್ತನೆಯ ತೊಮಾಯೆ ಕೊಪ್ಪಾ. ನಡುವಿನದನ್ನು ಹಾರಿಸಿದರೆ ಸಾವಿರದ ಗೀರು ಮಂಜಿನೊಳಗಿಂದ ಇಣುಕುತ್ತದೆ. ವಿಜಿ-10ರವರು ಸಾವಿರ, ಮೂರು ಸಾವಿರ ಎರಡೂ ಕಾರ್ಖಾನೆಯದ್ದೇ ತೆಗೆದುಕೊಂಡು, ಅಲಗಿನಲ್ಲಿ ಅಲೆಅಲೆ ಚಿತ್ತಾರವಿದ್ದರೆ ಬೆರಳುಗಲ್ಲೊಂದನ್ನು ಆಡಿಸಿ ನೋಡಲಿ. ಪೌಡರ್ ಉಕ್ಕಿನವರಿಗೆ ಆಗಲೇ ಹೇಳಿಯಾಗಿದೆ.

ಕಲ್ಲು ಕೈಗೆ ಬಂದ ದಿನ ಅರಗು ಬಳಿಯುವ ಮೊದಲು ಒಂದು ಪರೀಕ್ಷೆ ಮಾಡಿ. ಒದ್ದೆ ಮಾಡಿ, ಸಾರು ಎಬ್ಬಿಸಿ, ಹಳೆಯ ಚಾಕುವೊಂದನ್ನು ಕಲ್ಲಿನ ಉದ್ದಕ್ಕೂ, ಅಂಚಿನಿಂದ ಅಂಚಿಗೂ, ಹಗುರ ಕೈಯಲ್ಲಿ ಇಪ್ಪತ್ತು ಸಲ ಆಡಿಸಿ. ಕಿರ್ ಎಂಬ ಸದ್ದು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಅಲ್ಲಿ ಗಟ್ಟಿ ಗೆರೆ ಇದೆ. ಪೆನ್ಸಿಲ್ಲಿನಿಂದ ಗುರುತು ಹಾಕಿ ಚಿತ್ರ ತೆಗೆದು ಅಂದೇ ಮಾರಿದವರಿಗೆ ಕಳಿಸಿ. ಬದಿಗೆ ಪಾಲಿಶ್ ಬಳಿದ ಮೇಲೆ, ಮೇಲ್ಮೈ ತೇಯ್ದು ತೇಯ್ದು ಸವೆದ ಮೇಲೆ, ಯಾರೂ ಆ ಕಲ್ಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.